ಎರಡು ದೂರದ ಏರ್‌ಪೋರ್ಟ್‌ಗಳ ನಡುವೆ: ಎಷ್ಟು ದೂರ, ಎಷ್ಟು ಹೊತ್ತು?

ಒಮ್ಮೆ ಗೆಳೆಯನೊಬ್ಬನನ್ನು ಕರೆತರಲು ಏರ್‌ಪೋರ್ಟಿಗೆ ಹೋಗಿದ್ದೆ. ಬೆಳಗಿನ ಜಾವ. ಅವನ ವಿಮಾನ ಇಳಿದಿದೆ ಅಂತ ಬೋರ್ಡು ತೋರಿಸುತ್ತಿತ್ತು. ಒಂದು ಗಂಟೆ ಕಾದೆ. ಒಂದೂವರೆ ಗಂಟೆ ಕಾದೆ. ಆಸಾಮಿ ಪತ್ತೆಯಿಲ್ಲ. ಕೊನೆಗೆ ಫೋನ್ ಮಾಡಿದರೆ ಅವನು ತನ್ನ ಮನೆಯಲ್ಲೇ ಕೂತು ಬಟ್ಟೆ ಮಡಚಿ ಸೂಟ್‌ಕೇಸಿಗೆ ತುಂಬುತ್ತಿದ್ದ! ತಪ್ಪು ನನ್ನದೇ. ಅವನು ಕಳಿಸಿದ್ದ ಟಿಕೆಟ್ಟಿನಲ್ಲಿ ತಲುಪುವ ಸಮಯದ ಪಕ್ಕ ಪುಟ್ಟದಾಗಿ ‘+1’ ಅಂತ ಇತ್ತು, ಅಂದರೆ ಹೊರಟ ದಿನವಲ್ಲ, ಮರುದಿನ ತಲುಪುವುದು ಅಂತ. ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಪೂರ್ತಿ ಒಂದು ದಿನ ಮೊದಲೇ ಹೋಗಿ ನಿಂತಿದ್ದೆ.

ಅವತ್ತಿನಿಂದ ಯಾವ ದೂರದ ಪ್ರಯಾಣವಿದ್ದರೂ ಲೆಕ್ಕವನ್ನು ನಾನೇ ಒಮ್ಮೆ ಹಾಕಿ ನೋಡುತ್ತೇನೆ. ಕಷ್ಟವೇನಿಲ್ಲ. ಒಂದು ವಿಷಯ ಮಾತ್ರ ನೆನಪಿರಬೇಕು. ದೂರ ಅನ್ನುವುದು ಒಂದೇ ಸಂಖ್ಯೆ, ಅದು ಬದಲಾಗುವುದಿಲ್ಲ. ಸಮಯ ಹಾಗಲ್ಲ. ವಿಮಾನ ಆಕಾಶದಲ್ಲಿರುವ ಹೊತ್ತು ಬೇರೆ, ಟಿಕೆಟ್ಟಿನಲ್ಲಿ ಬರೆದಿರುವ ಹೊತ್ತು ಬೇರೆ, ಮನೆಯಿಂದ ಹೊರಟು ಹೋಗಬೇಕಾದ ಜಾಗ ಸೇರುವ ಹೊತ್ತು ಬೇರೆ. ಗಡಿಯಾರದ ಮುಳ್ಳು ತೋರಿಸುವುದಂತೂ ಇನ್ನೂ ಬೇರೆ. ಇವನ್ನೆಲ್ಲ ಒಂದಕ್ಕೊಂದು ಕಲಸಿದಾಗಲೇ ಎಡವಟ್ಟಾಗುವುದು.

ಉದಾಹರಣೆಗೆ ಟೋಕಿಯೊದ ಹನೇಡಾ ಏರ್‌ಪೋರ್ಟಿನಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗುವ ದಾರಿಯನ್ನು ತೆಗೆದುಕೊಳ್ಳೋಣ. ತಲೆ ತಿನ್ನುವ ಸಂಗತಿಗಳೆಲ್ಲ ಈ ಒಂದೇ ದಾರಿಯಲ್ಲಿ ಸಿಗುತ್ತವೆ.

ಮೊದಲು, ಯಾವ ಏರ್‌ಪೋರ್ಟ್ ಅಂತ ಗಟ್ಟಿ ಮಾಡಿಕೊಳ್ಳಿ

ಊರಿನ ಹೆಸರು ಸಾಲದು, ಏರ್‌ಪೋರ್ಟಿನ ಮೂರಕ್ಷರದ ಕೋಡ್ ನೋಡಿ. ಟೋಕಿಯೊಗೆ ಹನೇಡಾ ಒಂದು, ನರಿಟಾ ಇನ್ನೊಂದು. ನರಿಟಾ ಊರಿನ ನಡುಭಾಗದಿಂದ ಸುಮಾರು 60 ಕಿ.ಮೀ. ದೂರದಲ್ಲಿದೆ. ಲಂಡನ್ನಿನ ಹೆಸರಿನಲ್ಲಿ ಹೀಥ್ರೋ, ಗ್ಯಾಟ್ವಿಕ್, ಸ್ಟ್ಯಾನ್‌ಸ್ಟೆಡ್, ಲೂಟನ್, ಸಿಟಿ ಎಂದು ಸಾಲೇ ಇದೆ. ಒಂದೇ ಹೆಸರಿನ ಎರಡು ಊರುಗಳೂ ಇರುತ್ತವೆ. 2002ರಲ್ಲಿ ಬ್ರಿಟನ್ನಿನ ಯುವ ಜೋಡಿಯೊಂದು ಆಸ್ಟ್ರೇಲಿಯಾದ ಸಿಡ್ನಿಗೆಂದು ಹೊರಟು ಕೆನಡಾದ ಸಿಡ್ನಿಯಲ್ಲಿ ಇಳಿದಿತ್ತು. ಆಸ್ಟ್ರೇಲಿಯಾದ ಸಿಡ್ನಿಯ ಕೋಡ್ ಎಸ್‌ವೈಡಿ, ಕೆನಡಾದ ಸಿಡ್ನಿಯದ್ದು ವೈಕ್ಯೂವೈ. ಮೂರಕ್ಷರ ಓದಿದ್ದರೆ ಸಾಕಿತ್ತು.

ದೂರ ಅಳೆಯುವುದು: ದಾರದಿಂದ, ಇಲ್ಲವೇ ಲೆಕ್ಕದಿಂದ

ಗೋಡೆಯ ಮೇಲಿನ ಭೂಪಟವನ್ನು ನಂಬಬೇಡಿ. ನಾವು ಶಾಲೆಯಿಂದಲೂ ನೋಡುತ್ತಾ ಬಂದ ಪಟ ಹೆಚ್ಚಾಗಿ ಮರ್ಕೇಟರ್ ಮಾದರಿಯದ್ದು. 1569ರಲ್ಲಿ ಹಡಗಿನವರ ಅನುಕೂಲಕ್ಕೆಂದು ಬಂದದ್ದು. ದಿಕ್ಸೂಚಿ ಹಿಡಿದು ಸಾಗುವವರಿಗೆ ಅದು ಚೆನ್ನ. ಆದರೆ ಧ್ರುವಗಳ ಕಡೆ ಹೋದಂತೆ ಎಲ್ಲವನ್ನೂ ಹಿಗ್ಗಿಸುತ್ತದೆ. ಗ್ರೀನ್‌ಲ್ಯಾಂಡ್ ಅದರಲ್ಲಿ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಆಫ್ರಿಕಾ ಅದಕ್ಕಿಂತ ಸುಮಾರು 14 ಪಟ್ಟು ದೊಡ್ಡದು. ಇಂಥ ಪಟದ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದು ನೇರ ದಾರಿಯೂ ಅಲ್ಲ, ಹತ್ತಿರದ ದಾರಿಯೂ ಅಲ್ಲ.

ಮನೆಯಲ್ಲಿ ಗ್ಲೋಬ್ ಇದ್ದರೆ ಒಂದು ದಾರ ತನ್ನಿ. ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ಅದು ತಾನಾಗಿಯೇ ಅತಿ ಹತ್ತಿರದ ದಾರಿಗೆ ಜರುಗಿ ಕೂರುತ್ತದೆ. ಇದನ್ನೇ ಮಹಾವೃತ್ತದ ದಾರಿ ಅನ್ನುತ್ತಾರೆ. ಈಗ ದಾರವನ್ನು ಅಳೆಯಿರಿ. ಗ್ಲೋಬಿನ ಅಡ್ಡಳತೆ 30 ಸೆಂ.ಮೀ. ಇದ್ದರೆ ದಾರದ 1 ಸೆಂ.ಮೀ. ಅಂದರೆ ಸುಮಾರು 425 ಕಿ.ಮೀ. ಟೋಕಿಯೊದಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಸುಮಾರು 19.5 ಸೆಂ.ಮೀ. ಬರುತ್ತದೆ. ಗುಣಿಸಿದರೆ 8,300 ಕಿ.ಮೀ. ಸಮೀಪ. ಮಕ್ಕಳಿದ್ದರೆ ಅವರ ಕೈಯಲ್ಲೇ ಮಾಡಿಸಿ, ಮಜಾ ಇರುತ್ತದೆ. ದಾರ ನೇರವಾಗಿ ಪೂರ್ವಕ್ಕೆ ಹೋಗದೆ ಉತ್ತರಕ್ಕೆ, ಅಲ್ಯೂಷಿಯನ್ ದ್ವೀಪಗಳ ಕಡೆಗೆ ಬಾಗಿದ್ದು ನೋಡಿ ಅವರೇ ‘ಯಾಕೆ’ ಅಂತ ಕೇಳುತ್ತಾರೆ. ಎರಡೂ ಊರುಗಳು ಹೆಚ್ಚುಕಡಿಮೆ 36–38 ಡಿಗ್ರಿ ಉತ್ತರದಲ್ಲಿವೆ, ಆದರೆ ದಾರಿಯ ನಡುಭಾಗ 48 ಡಿಗ್ರಿಯವರೆಗೂ ಏರುತ್ತದೆ. ಪಟದ ಮೇಲಿನ ಗೆರೆ ಹಿಡಿದು ಪೂರ್ವಕ್ಕೇ ಹೋಗಿದ್ದರೆ ಸುಮಾರು 8,740 ಕಿ.ಮೀ. ಆಗುತ್ತಿತ್ತು. ಬಾಗಿದ ಹಾಗೆ ಕಾಣುವ ದಾರಿಯಿಂದ 450 ಕಿ.ಮೀ. ಉಳಿತಾಯ.

ದಾರ ಸಾಲದು, ಸರಿಯಾದ ಸಂಖ್ಯೆಯೇ ಬೇಕು ಅನ್ನುವವರಿಗೆ ಕ್ಯಾಲ್ಕುಲೇಟರ್ ಇದೆ. ಎರಡೂ ಏರ್‌ಪೋರ್ಟ್‌ಗಳ ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ. ಹನೇಡಾ 35.55 ಉತ್ತರ, 139.78 ಪೂರ್ವ. ಸ್ಯಾನ್ ಫ್ರಾನ್ಸಿಸ್ಕೊ 37.62 ಉತ್ತರ, 122.38 ಪಶ್ಚಿಮ. ಮೊದಲು ರೇಖಾಂಶಗಳ ನಡುವಿನ ಅಂತರ ಬೇಕು. ಒಂದು ಪೂರ್ವ, ಇನ್ನೊಂದು ಪಶ್ಚಿಮ, ಹಾಗಾಗಿ ಕೂಡಬೇಕು: 262.16. ಇದು 180ಕ್ಕಿಂತ ಜಾಸ್ತಿ. ಅಂದರೆ ನಾವು ಭೂಮಿಯನ್ನು ಉದ್ದದ ಕಡೆಯಿಂದ ಸುತ್ತುತ್ತಿದ್ದೇವೆ. 360ರಿಂದ ಕಳೆದರೆ 97.84. ಇದೇ ಬೇಕಾದ ಅಂತರ. ಹೆಚ್ಚಿನವರು ತಪ್ಪುವುದು ಇಲ್ಲೇ.

ಇನ್ನು ಲೆಕ್ಕ ಮೂರು ಸಾಲಿನದು. ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದೆಯಾ ಅಂತ ನೋಡಿಕೊಳ್ಳಿ.

ಎರಡು ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ: 0.5814 × 0.6104 = 0.3549.

ಎರಡು ಅಕ್ಷಾಂಶಗಳ ಕೊಸೈನ್‌ಗಳನ್ನೂ ರೇಖಾಂಶದ ಅಂತರದ ಕೊಸೈನನ್ನೂ ಗುಣಿಸಿ: 0.8136 × 0.7921 × (–0.1364) = –0.0879.

ಎರಡನ್ನೂ ಕೂಡಿ: 0.2670. ಯಾವ ಕೋನದ ಕೊಸೈನ್ ಇಷ್ಟು ಎಂದು ಹಿಂದಕ್ಕೆ ಕೇಳಿದರೆ ಕ್ಯಾಲ್ಕುಲೇಟರ್ 74.5 ಡಿಗ್ರಿ ಅನ್ನುತ್ತದೆ. ಭೂಮಿಯ ಮೇಲೆ ಒಂದು ಡಿಗ್ರಿ ಅಂದರೆ 111.2 ಕಿ.ಮೀ. ಗುಣಿಸಿದರೆ 8,284 ಕಿ.ಮೀ.

ದಕ್ಷಿಣ ಗೋಲಾರ್ಧದ ಊರಾಗಿದ್ದರೆ ಅಕ್ಷಾಂಶದ ಸಂಖ್ಯೆಗೆ ಮೊದಲು ಮೈನಸ್ ಹಾಕಿ, ಉಳಿದದ್ದೆಲ್ಲ ಹಾಗೇ. ಬೇರೆ ಕಡೆ ನೋಡಿದಾಗ 8,300ಕ್ಕೂ ಸ್ವಲ್ಪ ಜಾಸ್ತಿ ತೋರಿಸಿದರೆ ಗಾಬರಿ ಬೇಡ. ನಾವು ಭೂಮಿಯನ್ನು ಗುಂಡಗಿನ ಚೆಂಡು ಅಂದುಕೊಂಡೆವು. ನಿಜದಲ್ಲಿ ಅದು ಧ್ರುವಗಳಲ್ಲಿ ಚೂರು ಚಪ್ಪಟೆ. ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಉತ್ತರ ಅರ್ಧ ಶೇಕಡದೊಳಗೆ ಅತ್ತಿತ್ತ ಆಗುತ್ತದೆ. ಪ್ರಯಾಣಿಕರಿಗೆ ಅದು ಎರಡು ನಿಮಿಷದ ಮಾತು.

ಗಾಬರಿ ಆಗಬೇಕಾದ್ದು ಮೈಲಿಯ ವಿಷಯದಲ್ಲಿ. ಮೈಲಿಯಲ್ಲಿ ಎರಡು ಬಗೆ. ರಸ್ತೆಯ ಮೈಲಿ 1.609 ಕಿ.ಮೀ., ನಾಟಿಕಲ್ ಮೈಲಿ 1.852 ಕಿ.ಮೀ. ಪೈಲಟ್‌ಗಳದ್ದು ಎರಡನೆಯದು. ನಮ್ಮ 8,284 ಕಿ.ಮೀ. ದಾರಿ ಒಂದು ಕಡೆ 5,148 ಅಂತಲೂ ಇನ್ನೊಂದು ಕಡೆ 4,473 ಅಂತಲೂ ಕಾಣಬಹುದು. ಎರಡೂ ಸರಿ. ಯಾವ ಮೈಲಿ ಅಂತ ಬರೆದಿರದಿದ್ದರೆ ಅಂಥ ಸಂಖ್ಯೆಯನ್ನು ಬಿಟ್ಟುಬಿಡಿ.

ಈ ದೂರ ತಿಳಿದು ಏನಾಗಬೇಕು ಅಂತೀರಾ? ಸಮಯದ ಅಂದಾಜಿಗಂತೂ ಬೇಕೇ ಬೇಕು. ದುಡ್ಡಿಗೂ ಸಂಬಂಧವಿದೆ. ಯುರೋಪಿಯನ್ ಒಕ್ಕೂಟದ 2004ರ ನಿಯಮದಲ್ಲಿ ವಿಮಾನ ರದ್ದಾದಾಗ ಅಥವಾ ತೀರಾ ತಡವಾದಾಗ ಸಿಗುವ ಪರಿಹಾರ ದೂರದ ಮೇಲೆ ನಿಂತಿದೆ. 1,500 ಕಿ.ಮೀ. ಒಳಗಾದರೆ 250 ಯೂರೊ, ದೂರ ಹೆಚ್ಚಿದಂತೆ 600 ಯೂರೊವರೆಗೆ. ಅಲ್ಲಿ ದೂರ ಅಳೆಯುವುದೂ ಇದೇ ಮಹಾವೃತ್ತದ ಲೆಕ್ಕದಿಂದಲೇ.

ದೂರದಿಂದ ಸಮಯಕ್ಕೆ

ನನ್ನ ಸೂತ್ರ ಇದು: ದೂರವನ್ನು 850ರಿಂದ ಭಾಗಿಸಿ, ಅರ್ಧ ಗಂಟೆ ಕೂಡಿ. ದೊಡ್ಡ ವಿಮಾನಗಳ ದೂರದ ಪ್ರಯಾಣಕ್ಕೆ ಇದು ಚೆನ್ನಾಗಿ ಹೊಂದುತ್ತದೆ.

850 ಎಲ್ಲಿಂದ ಬಂತು? ದೂರ ಹೋಗುವ ದೊಡ್ಡ ವಿಮಾನಗಳು ಸಾಮಾನ್ಯವಾಗಿ ಶಬ್ದದ ವೇಗದ 85 ಶೇಕಡದಲ್ಲಿ ಹಾರುತ್ತವೆ. ಅವು ಹಾರುವ 10–12 ಕಿ.ಮೀ. ಎತ್ತರದಲ್ಲಿ ಗಾಳಿ ಮೈನಸ್ 50 ಡಿಗ್ರಿಗಿಂತಲೂ ತಣ್ಣಗಿರುತ್ತದೆ. ಅಲ್ಲಿ ಶಬ್ದದ ವೇಗ ಗಂಟೆಗೆ ಸುಮಾರು 1,060 ಕಿ.ಮೀ. ಅದರ 85 ಶೇಕಡ ಅಂದರೆ 900. ಆದರೆ ಏರುವಾಗ, ಇಳಿಯುವಾಗ ಅಷ್ಟು ವೇಗ ಇರುವುದಿಲ್ಲ. ದಾರಿಯೂ ದಾರ ಎಳೆದಷ್ಟು ನೆಟ್ಟಗಿರುವುದಿಲ್ಲ. ಹಾಗಾಗಿ 50 ತೆಗೆದಿಟ್ಟಿದ್ದೇನೆ. ಅರ್ಧ ಗಂಟೆ ಯಾಕೆ ಅಂದರೆ, ಟಿಕೆಟ್ಟಿನ ಸಮಯ ಚಕ್ರ ನೆಲ ಬಿಟ್ಟಾಗಿನಿಂದ ಶುರುವಾಗುವುದಲ್ಲ. ವಿಮಾನ ಗೇಟ್ ಬಿಟ್ಟು ಹಿಂದೆ ಸರಿದ ಗಳಿಗೆಯಿಂದ, ಆ ಕಡೆ ಗೇಟಿಗೆ ಬಂದು ನಿಲ್ಲುವವರೆಗೆ. ಇದಕ್ಕೆ ಬ್ಲಾಕ್ ಟೈಮ್ ಅನ್ನುತ್ತಾರೆ. ರನ್‌ವೇವರೆಗೆ ತೆವಳುವುದು, ಸಾಲಿನಲ್ಲಿ ನಿಲ್ಲುವುದು ಎಲ್ಲ ಅದರಲ್ಲೇ ಸೇರಿದೆ. ಚಿಕ್ಕ ವಿಮಾನಗಳು, ಅಂದರೆ ನಡುವೆ ಒಂದೇ ಓಣಿ ಇರುವಂಥವು, ಇನ್ನೂ ಸ್ವಲ್ಪ ನಿಧಾನ, 830ರ ಆಸುಪಾಸು. ಅವಕ್ಕೆ 780ರಿಂದ ಭಾಗಿಸಿ.

ಪರೀಕ್ಷೆ ಮಾಡೋಣ. ಸಿಂಗಪುರದಿಂದ ನ್ಯೂಯಾರ್ಕಿಗೆ ನಿಲ್ಲದೆ ಹೋಗುವ ವಿಮಾನ ಜಗತ್ತಿನ ಅತಿ ಉದ್ದದ ಸೇವೆಗಳಲ್ಲಿ ಒಂದು, ದೂರ 15,300 ಕಿ.ಮೀ. ಮೇಲೆ. ಸೂತ್ರ 18 ಗಂಟೆ 30 ನಿಮಿಷ ಅನ್ನುತ್ತದೆ. ವೇಳಾಪಟ್ಟಿಯಲ್ಲೂ ಹದಿನೆಂಟೂವರೆ ಗಂಟೆಯ ಅಕ್ಕಪಕ್ಕವೇ ಇರುತ್ತದೆ. ಲಂಡನ್‌ನಿಂದ ಜೊಹಾನ್ಸ್‌ಬರ್ಗಿಗೆ 9,070 ಕಿ.ಮೀ. ಸೂತ್ರಕ್ಕೆ 11 ಗಂಟೆ 10 ನಿಮಿಷ, ನಿಜಕ್ಕೂ ಸುಮಾರು ಅಷ್ಟೇ. ನಮ್ಮ ಟೋಕಿಯೊ–ಸ್ಯಾನ್ ಫ್ರಾನ್ಸಿಸ್ಕೊ ದಾರಿಗೆ 10 ಗಂಟೆ 15 ನಿಮಿಷ ಬರುತ್ತದೆ. ಆದರೆ ಟಿಕೆಟ್ ತೆಗೆದು ನೋಡಿದರೆ ಹೋಗುವಾಗ ಒಂಬತ್ತೂವರೆ ಗಂಟೆ, ಬರುವಾಗ ಹನ್ನೊಂದು ಗಂಟೆಗೂ ಮೇಲೆ. ಸೂತ್ರ ಎರಡಕ್ಕೂ ನಡುವೆ ನಿಂತಿದೆ. ಯಾಕೆ?

ಗಾಳಿಯ ಪಾಲು

ಭೂಮಿ ತಿರುಗುವುದರಿಂದ ಹೀಗೆ ಅಂತ ಹೇಳುವವರು ತುಂಬ ಜನ. ಭೂಮಿ ಪೂರ್ವಕ್ಕೆ ತಿರುಗುತ್ತದೆ, ಹಾಗಾಗಿ ಪಶ್ಚಿಮಕ್ಕೆ ಹಾರಿದರೆ ಊರೇ ನಮ್ಮೆದುರು ಬರಬೇಕು, ಬೇಗ ತಲುಪಬೇಕು ಅಂತ ಅವರ ವಾದ. ಆಗುವುದು ಇದರ ಉಲ್ಟಾ, ಅಲ್ವಾ? ಭೂಮಿಯ ಜೊತೆ ಅದರ ಗಾಳಿಯೂ ತಿರುಗುತ್ತಿದೆ, ವಿಮಾನ ಆ ಗಾಳಿಯೊಳಗೇ ಈಜುತ್ತಿದೆ. ನಿಂತ ಜಾಗದಲ್ಲೇ ಮೇಲಕ್ಕೆ ಹಾರಿದರೆ ನಾವು ಪಕ್ಕದ ಊರಿನಲ್ಲಿ ಇಳಿಯುವುದಿಲ್ಲವಲ್ಲ, ಹಾಗೆ.

ನಿಜವಾದ ಕಾರಣ ಜೆಟ್ ಸ್ಟ್ರೀಮ್. ಸುಮಾರು 9ರಿಂದ 12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಗಾಳಿಯ ನದಿ ಅದು. ವಿಮಾನಗಳು ಹಾರುವ ಎತ್ತರವೂ ಅದೇ. ಚಳಿಗಾಲದಲ್ಲಿ ಅದರ ಬಿರುಸು ಜಾಸ್ತಿ, ಒಮ್ಮೊಮ್ಮೆ ಗಂಟೆಗೆ 300 ಕಿ.ಮೀ. ದಾಟುತ್ತದೆ. 2020ರ ಫೆಬ್ರವರಿಯಲ್ಲಿ ಕಿಯಾರಾ ಬಿರುಗಾಳಿಯ ಹೊತ್ತಿಗೆ ಬ್ರಿಟಿಷ್ ಏರ್‌ವೇಸ್‌ನ 747 ವಿಮಾನವೊಂದು ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಬಂದಿಳಿಯಿತು. ನೆಲದ ಲೆಕ್ಕದಲ್ಲಿ ಅದರ ವೇಗ ಗಂಟೆಗೆ 1,320 ಕಿ.ಮೀ. ಮೀರಿತ್ತು. ಹಾಗಂತ ಅದು ಶಬ್ದದ ವೇಗ ಮೀರಿ ಹಾರಿತು ಅನ್ನುವಂತಿಲ್ಲ. ಸುತ್ತಲಿನ ಗಾಳಿಯೇ ಓಡುತ್ತಿತ್ತು, ಅದರೊಳಗೆ ವಿಮಾನ ತನ್ನ ಮಾಮೂಲಿ ವೇಗದಲ್ಲೇ ಇತ್ತು.

ಹೀಗಾಗಿ ಉತ್ತರ ಗೋಲಾರ್ಧದ ಮಧ್ಯಭಾಗದಲ್ಲಿ ಪೂರ್ವ–ಪಶ್ಚಿಮ ಪ್ರಯಾಣವಾದರೆ ಸೂತ್ರದ ಉತ್ತರಕ್ಕೆ ಒಂದು ತಿದ್ದುಪಡಿ ಮಾಡಿ. ಪೂರ್ವಕ್ಕೆ ಹೋಗುತ್ತಿದ್ದರೆ 5ರಿಂದ 10 ಶೇಕಡ ಕಳೆಯಿರಿ, ಪಶ್ಚಿಮಕ್ಕಾದರೆ ಅಷ್ಟೇ ಕೂಡಿ. ಚಳಿಗಾಲವಾದರೆ ಇನ್ನೂ ಸ್ವಲ್ಪ. ಉತ್ತರ–ದಕ್ಷಿಣ ಪ್ರಯಾಣಕ್ಕೆ ಏನೂ ಮಾಡಬೇಡಿ. ಲಂಡನ್–ಜೊಹಾನ್ಸ್‌ಬರ್ಗ್ ಸೂತ್ರಕ್ಕೆ ಸರಿಯಾಗಿ ಕೂತದ್ದು ಅದಕ್ಕೇ.

ಹೋಗುವಾಗ ಕಳೆದುಕೊಂಡದ್ದನ್ನು ಬರುವಾಗ ಪಡೆದುಕೊಳ್ಳುತ್ತೇವೆ, ಒಟ್ಟಿಗೆ ಸರಿಹೋಗುತ್ತದೆ ಅಂತ ಅನ್ನಿಸಬಹುದು. ಹೋಗುವುದಿಲ್ಲ! 8,500 ಕಿ.ಮೀ. ದಾರಿ, 850ರ ವೇಗ. ಗಾಳಿ ಇಲ್ಲದಿದ್ದರೆ ಹೋಗಿ ಬರಲು 20 ಗಂಟೆ. ಗಂಟೆಗೆ 100 ಕಿ.ಮೀ. ಗಾಳಿ ಬೀಸುತ್ತಿದ್ದರೆ ಒಂದು ಕಡೆ 950ರ ವೇಗ, 8 ಗಂಟೆ 57 ನಿಮಿಷ. ಇನ್ನೊಂದು ಕಡೆ 750, 11 ಗಂಟೆ 20 ನಿಮಿಷ. ಒಟ್ಟು 20 ಗಂಟೆ 17 ನಿಮಿಷ. ಎದುರುಗಾಳಿಯಲ್ಲಿ ನಾವು ಇರುವ ಹೊತ್ತೇ ಜಾಸ್ತಿ, ಅದಕ್ಕೇ ಯಾವಾಗಲೂ ನಷ್ಟ.

ಈ ಗಾಳಿಗಾಗಿ ವಿಮಾನಗಳು ದಾರಿಯನ್ನೇ ಬದಲಿಸುತ್ತವೆ. ಉತ್ತರ ಅಟ್ಲಾಂಟಿಕ್ ಮೇಲಿನ ದಾರಿಗಳನ್ನು ಪ್ರತಿದಿನ ಆವತ್ತಿನ ಗಾಳಿ ನೋಡಿಕೊಂಡು ಹೊಸದಾಗಿ ಗುರುತಿಸುತ್ತಾರೆ. 200 ಕಿ.ಮೀ. ಸುತ್ತು ಹಾಕಿದರೂ ಬೆನ್ನಿಗೆ ಒಳ್ಳೆಯ ಗಾಳಿ ಸಿಕ್ಕರೆ ಹೊತ್ತೂ ಉಳಿಯಿತು, ಇಂಧನವೂ ಉಳಿಯಿತು. ಸೀಟಿನ ಮುಂದಿನ ಪರದೆಯಲ್ಲಿ ವಿಮಾನ ಎಲ್ಲೆಲ್ಲೋ ಸುತ್ತುತ್ತಿರುವ ಹಾಗೆ ಕಂಡರೆ ಪೈಲಟ್‌ಗೆ ದಾರಿ ತಪ್ಪಿದೆ ಅಂದುಕೊಳ್ಳಬೇಡಿ.

ದಾರಿಯಲ್ಲಿ ಅಡ್ಡಿ ಇದೆಯಾ ನೋಡಿ

ಸೂತ್ರಕ್ಕೂ ಟಿಕೆಟ್ಟಿಗೂ ಎರಡು ಮೂರು ಗಂಟೆ ವ್ಯತ್ಯಾಸ ಬಂದರೆ ಅದು ಗಾಳಿಯ ಕೆಲಸವಲ್ಲ. ದಾರಿಯಲ್ಲಿ ಏನೋ ಅಡ್ಡ ಇದೆ.

ದೊಡ್ಡ ಅಡ್ಡಿ ಅಂದರೆ ಮುಚ್ಚಿದ ಆಕಾಶ. ಹೆಲ್ಸಿಂಕಿಯಿಂದ ಟೋಕಿಯೊಗೆ ನೇರ ದೂರ ಸುಮಾರು 7,800 ಕಿ.ಮೀ. ರಷ್ಯಾದ ಮೇಲೆ ಹಾರುತ್ತಿದ್ದಾಗ ಒಂಬತ್ತೂವರೆ ಗಂಟೆ ಸಾಕಿತ್ತು. 2022ರಲ್ಲಿ ಆ ಆಕಾಶ ಮುಚ್ಚಿದ ಮೇಲೆ ಫಿನ್‌ಏರ್ ವಿಮಾನಗಳು ಉತ್ತರ ಧ್ರುವದ ಕಡೆಯಿಂದಲೋ ದಕ್ಷಿಣದ ಕಡೆಯಿಂದಲೋ ಸುತ್ತಿ ಸುಮಾರು 13 ಗಂಟೆ ತೆಗೆದುಕೊಳ್ಳತೊಡಗಿದವು. ಎರಡು ಊರುಗಳೂ ಇದ್ದಲ್ಲೇ ಇವೆ, ನಡುವಿನ ದೂರವೂ ಅಷ್ಟೇ ಇದೆ. ಹೊತ್ತು ಮಾತ್ರ ಮೂರೂವರೆ ಗಂಟೆ ಹೆಚ್ಚಾಯಿತು.

ಇನ್ನೊಂದು, ಎಂಜಿನ್ನಿನ ನಿಯಮ. ಎರಡು ಎಂಜಿನ್ನಿನ ವಿಮಾನದಲ್ಲಿ ಒಂದು ಕೆಟ್ಟರೂ ಉಳಿದ ಒಂದರಿಂದಲೇ ಗೊತ್ತುಮಾಡಿದ ನಿಮಿಷಗಳೊಳಗೆ ಯಾವುದಾದರೂ ಏರ್‌ಪೋರ್ಟ್ ತಲುಪುವಂತಿರಬೇಕು. 1985ರಲ್ಲಿ ಈ ಮಿತಿ 120 ನಿಮಿಷ ಇತ್ತು. ಏರ್‌ಬಸ್ ಎ350ಗೆ ಈಗ 370 ನಿಮಿಷದವರೆಗೂ ಒಪ್ಪಿಗೆ ಇದೆ. ಸಿಡ್ನಿ–ಸ್ಯಾಂಟಿಯಾಗೊ ದಾರಿಯಂತೆ ನೀರು, ಹಿಮ ಬಿಟ್ಟರೆ ಬೇರೇನೂ ಇಲ್ಲದ ಕಡೆ ಇದು ಮುಖ್ಯ. ಟಿಬೆಟ್ಟಿನ ಪ್ರಸ್ಥಭೂಮಿಯ ಮೇಲೂ ವಿಮಾನಗಳು ಕಡಿಮೆ. ಒಳಗಿನ ಗಾಳಿಯ ಒತ್ತಡ ಹೋದರೆ ಪೈಲಟ್ ಬೇಗ 10,000 ಅಡಿಗೆ ಇಳಿಯಬೇಕು. ಅಲ್ಲಿ ನೆಲವೇ ಅದಕ್ಕಿಂತ ಎತ್ತರದಲ್ಲಿದೆ.

ಗಡಿಯಾರದ ಗೊಂದಲ

ನಾನು ಎಡವಿದ ಜಾಗ ಇದು, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಟಿಕೆಟ್ಟಿನಲ್ಲಿರುವ ಎರಡೂ ಸಮಯ ಆಯಾ ಊರಿನ ಗಡಿಯಾರದ್ದು. ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ಇವನ್ನು ಸುಮ್ನೆ ಕಳೆದರೆ ಬರುವ ಸಂಖ್ಯೆಗೆ ಅರ್ಥವೇ ಇಲ್ಲ. ಎರಡನ್ನೂ ಮೊದಲು ಒಂದೇ ಗಡಿಯಾರಕ್ಕೆ ತರಬೇಕು. ಅದಕ್ಕೆಂದೇ ಯುಟಿಸಿ ಇದೆ, ಇಡೀ ಜಗತ್ತಿಗೆ ಒಂದೇ ಸಮಯ. ಜಪಾನ್ ಯುಟಿಸಿಗಿಂತ 9 ಗಂಟೆ ಮುಂದೆ. ಸ್ಯಾನ್ ಫ್ರಾನ್ಸಿಸ್ಕೊ ಚಳಿಗಾಲದಲ್ಲಿ 8 ಗಂಟೆ ಹಿಂದೆ.

ಜನವರಿ 10ರ ಸಂಜೆ 4:30ಕ್ಕೆ ಟೋಕಿಯೊ ಬಿಡುತ್ತೀರಿ ಅಂದುಕೊಳ್ಳಿ. 9 ಗಂಟೆ ಕಳೆದರೆ ಯುಟಿಸಿ ಬೆಳಗ್ಗೆ 7:30. ಪ್ರಯಾಣ ಒಂಬತ್ತೂವರೆ ಗಂಟೆ, ಕೂಡಿದರೆ ಯುಟಿಸಿ ಸಂಜೆ 5:00. ಈಗ 8 ಗಂಟೆ ಕಳೆಯಿರಿ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬೆಳಗ್ಗೆ 9:00. ತಾರೀಖು ಅದೇ ಜನವರಿ 10! ಸಂಜೆ ಹೊರಟವರು ಅದೇ ದಿನ ಬೆಳಗ್ಗೆ ತಲುಪುತ್ತೀರಿ. ನಡುರಾತ್ರಿ ಕಳೆದು 12:05ಕ್ಕೆ ಹೊರಡುವ ವಿಮಾನವಾದರೆ ಇನ್ನೂ ವಿಚಿತ್ರ. 10ನೇ ತಾರೀಖು ಹೊರಟವರು 9ನೇ ತಾರೀಖಿನ ಸಂಜೆ 4:35ಕ್ಕೆ ಇಳಿಯುತ್ತಾರೆ. ಟಿಕೆಟ್ಟಿನಲ್ಲಿ ‘–1’ ಅಂತ ಬರೆದಿರುತ್ತದೆ. ಹೋಟೆಲನ್ನು 10ರಿಂದ ಬುಕ್ ಮಾಡಿದ್ದರೆ ಆ ರಾತ್ರಿ ಬೀದಿಯೇ ಗತಿ.

ಬರುವ ದಾರಿಯಲ್ಲಿ ಆ ಸಾಲ ತೀರಿಸಬೇಕಲ್ಲ. ಜನವರಿ 10ರ ಬೆಳಗ್ಗೆ 11:00ಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟು ಹನ್ನೊಂದೂಕಾಲು ಗಂಟೆ ಹಾರಿದರೆ ಟೋಕಿಯೊದಲ್ಲಿ ಜನವರಿ 11ರ ಮಧ್ಯಾಹ್ನ 3:15. ಇದು ‘+1’. ಗಡಿಯಾರ ನೋಡಿ ಇಪ್ಪತ್ತೆಂಟೂಕಾಲು ಗಂಟೆ ಪ್ರಯಾಣ ಅಂತ ಹೆದರುವವರಿದ್ದಾರೆ. ಎರಡು ಊರುಗಳ ಗಡಿಯಾರದ ನಡುವಿನ 17 ಗಂಟೆಯ (9 + 8) ವ್ಯತ್ಯಾಸ ಕಳೆದರೆ ಅದೇ ಹನ್ನೊಂದೂಕಾಲು. ಮಧ್ಯೆ ನಿಂತು ಹೋಗುವ ಉದ್ದದ ಪ್ರಯಾಣಗಳಲ್ಲಿ ‘+2’ ಕೂಡ ಸಿಗುತ್ತದೆ. ಆ ಪುಟ್ಟ ಅಕ್ಷರದ ಮೇಲೆ ಒಂದು ಕಣ್ಣಿರಲಿ.

ಎರಡು ಎಚ್ಚರಿಕೆ. ಎಲ್ಲ ದೇಶಗಳೂ ಇಡೀ ಗಂಟೆಯ ಲೆಕ್ಕದಲ್ಲಿಲ್ಲ. ಭಾರತ 5:30 ಮುಂದೆ, ನೇಪಾಳ 5:45 ಮುಂದೆ. ಎರಡನೆಯದು, ಕೆಲವು ದೇಶಗಳು ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತವೆ. ಅಮೆರಿಕದಲ್ಲಿ ಮಾರ್ಚಿನ ಎರಡನೇ ಭಾನುವಾರದಿಂದ ನವೆಂಬರಿನ ಮೊದಲ ಭಾನುವಾರದವರೆಗೆ. ಯುರೋಪಿನಲ್ಲಿ ಮಾರ್ಚಿನ ಕೊನೆಯ ಭಾನುವಾರದಿಂದ ಅಕ್ಟೋಬರಿನ ಕೊನೆಯ ಭಾನುವಾರದವರೆಗೆ. ಈ ನಡುವಿನ ಕೆಲವು ವಾರಗಳಲ್ಲಿ ಲಂಡನ್–ನ್ಯೂಯಾರ್ಕ್ ವ್ಯತ್ಯಾಸ 5 ಗಂಟೆಯ ಬದಲು 4 ಆಗಿರುತ್ತದೆ. ಜಪಾನ್ ಈ ಉಸಾಬರಿಗೇ ಹೋಗುವುದಿಲ್ಲ. ಹಾಗಾಗಿ ಬೇಸಿಗೆಯಲ್ಲಿ ನಮ್ಮ 17 ಗಂಟೆ 16 ಆಗುತ್ತದೆ. ಪ್ರಯಾಣದ ದಿನದ ವ್ಯತ್ಯಾಸವನ್ನೇ ನೋಡಿ, ಇವತ್ತಿನದನ್ನಲ್ಲ.

ಮಧ್ಯೆ ಇಳಿದು ಹೋಗುವುದಾದರೆ

ಪ್ರತಿ ತುಂಡಿಗೂ ಸೂತ್ರವನ್ನು ಬೇರೆಬೇರೆಯಾಗಿ ಹಾಕಿ, ನಡುವೆ ಕಾಯುವ ಹೊತ್ತನ್ನು ಕೂಡಿ. ಹೊನೊಲುಲು ಮೂಲಕ ಹೋದರೆ ಟೋಕಿಯೊದಿಂದ ಅಲ್ಲಿಗೆ ಸುಮಾರು 6,200 ಕಿ.ಮೀ., ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊಗೆ 3,860. ಒಟ್ಟು 10,060, ಅಂದರೆ ನೇರ ದಾರಿಗಿಂತ 21 ಶೇಕಡ ಜಾಸ್ತಿ. ಎರಡು ಸಲ ಏರಿ ಇಳಿಯಬೇಕಾದ್ದರಿಂದ ಅರ್ಧ ಗಂಟೆಯೂ ಎರಡು ಸಲ. ಹಾರಾಟವೇ 12 ಗಂಟೆ 50 ನಿಮಿಷ ಆಯಿತು. ಎರಡೂವರೆ ಗಂಟೆ ಕಾದರೆ ಹದಿನೈದು ಗಂಟೆ ದಾಟಿತು.

ಆ ಎರಡೂವರೆ ಗಂಟೆ ಸಾಕಾಗುತ್ತದೆಯಾ ಅನ್ನುವುದು ಬೇರೆ ಪ್ರಶ್ನೆ. ಅಮೆರಿಕಕ್ಕೆ ಹೋಗುವವರು ಮೊದಲು ಇಳಿದ ಊರಿನಲ್ಲೇ ಇಮಿಗ್ರೇಷನ್ ಮುಗಿಸಬೇಕು. ಸಾಮಾನ್ಯವಾಗಿ ಅಲ್ಲೇ ಲಗೇಜ್ ತೆಗೆದುಕೊಂಡು ಮತ್ತೆ ಕೊಡಬೇಕು. ಎರಡೂ ವಿಮಾನ ಒಂದೇ ಟಿಕೆಟ್ಟಿನಲ್ಲಿದ್ದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಮುಂದಿನ ವಿಮಾನದಲ್ಲಿ ಕಳಿಸುವುದು ಅವರ ಹೊಣೆ. ಬೇರೆ ಬೇರೆ ಟಿಕೆಟ್ ಮಾಡಿಸಿದ್ದರೆ ಆ ತಲೆನೋವು ನಿಮ್ಮದೇ. ನನ್ನ ಪ್ರಕಾರ ಬೇರೆ ಟಿಕೆಟ್ ಅಂದರೆ ನಡುವೆ ನಾಲ್ಕೈದು ಗಂಟೆಯಾದರೂ ಇರಬೇಕು.

ಇನ್ನೊಂದು ಮಾತಿನ ಮೋಸ ಇದೆ. ‘ಡೈರೆಕ್ಟ್’ ಅಂದರೆ ಎಲ್ಲೂ ನಿಲ್ಲುವುದಿಲ್ಲ ಅಂತ ಅರ್ಥವಲ್ಲ. ಅದೇ ನಂಬರಿನ ವಿಮಾನ ನಡುವೆ ಒಂದು ಕಡೆ ಇಳಿದು ಮುಂದೆ ಹೋದರೂ ಅದು ಡೈರೆಕ್ಟೇ. ಎಲ್ಲೂ ಇಳಿಯದಿದ್ದರೆ ಅದು ‘ನಾನ್‌ಸ್ಟಾಪ್’.

ಬಾಗಿಲಿನಿಂದ ಬಾಗಿಲಿಗೆ

ಇದಕ್ಕೆ ಸೂತ್ರ ಬೇಡ, ಕೂಡಿಸಿದರೆ ಆಯಿತು. ಮನೆಯಿಂದ ಏರ್‌ಪೋರ್ಟಿಗೆ ಹೋಗುವ ಹೊತ್ತು. ವಿದೇಶ ಪ್ರಯಾಣಕ್ಕೆ ಮೂರು ಗಂಟೆ ಮೊದಲೇ ಅಲ್ಲಿರಬೇಕು. ಆಮೇಲೆ ಟಿಕೆಟ್ಟಿನ ಹೊತ್ತು. ಇಳಿದ ಮೇಲೆ ಇಮಿಗ್ರೇಷನ್, ಲಗೇಜ್ ಸೇರಿ ಒಂದೂವರೆ ಗಂಟೆ. ಅಲ್ಲಿಂದ ಊರೊಳಗೆ. ಒಂಬತ್ತೂವರೆ ಗಂಟೆಯ ಪ್ರಯಾಣ ಸುಲಭವಾಗಿ ಹದಿನಾರು ಗಂಟೆಯಾಗುತ್ತದೆ.

ಹೊರಡುವ ಮುಂಚೆ ಅದೇ ನಂಬರಿನ ವಿಮಾನ ಕಳೆದ ಒಂದು ವಾರ ನಿಜಕ್ಕೂ ಎಷ್ಟು ಹೊತ್ತಿಗೆ ಇಳಿದಿದೆ ಅಂತ ಯಾವುದಾದರೂ ವಿಮಾನ ಟ್ರ್ಯಾಕಿಂಗ್ ಆ್ಯಪ್‌ನಲ್ಲಿ ನೋಡಿ. ವೇಳಾಪಟ್ಟಿಯಲ್ಲಿ ಒಂದಿಷ್ಟು ಹೆಚ್ಚಿನ ನಿಮಿಷ ಮೊದಲೇ ಸೇರಿಸಿಟ್ಟಿರುತ್ತಾರೆ, ಅದಕ್ಕೇ ಎಷ್ಟೋ ಸಲ ತಡವಾಗಿ ಹೊರಟರೂ ಸಮಯಕ್ಕೆ ಸರಿಯಾಗಿ ತಲುಪುವುದು.

ಕರೆತರಲು ಹೋಗುವವರು ಈ ಲೆಕ್ಕವನ್ನು ಹಿಂದುಮುಂದಾಗಿ ಹಾಕಿ. ಬೋರ್ಡಿನಲ್ಲಿ ‘ಇಳಿದಿದೆ’ ಅಂತ ಬಂದ ಮೇಲೂ ನಿಮ್ಮವರು ಹೊರಬರಲು ಒಂದು ಗಂಟೆಯಾದರೂ ಬೇಕು. ಅದಕ್ಕೂ ಮೊದಲು, ಹೊರಡುವ ದಿನ ಯಾವುದು ಅಂತ ಅವರನ್ನೇ ಒಮ್ಮೆ ಕೇಳಿ. ನನ್ನ ಗೆಳೆಯ ಈಗಲೂ ಟಿಕೆಟ್ ಕಳಿಸುವಾಗ ‘+1’ ಸುತ್ತ ಕೆಂಪು ಗೆರೆ ಎಳೆದೇ ಕಳಿಸುತ್ತಾನೆ.